ಎರಡು ಕೊಳಲು ಸೇರಿದವೇ?

ಸೆರಿಟೋಸ್
ಫೆಬ್ರವರಿ 7, 2023

ಗಿರಿ,

ಅಕ್ಕ ಬರೆಯುತ್ತಿದ್ದಾಳೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗೊತ್ತಾಗಿರಬೇಕು, ಕಾಪಿ ಪುಸ್ತಕದಲ್ಲಿ ನಿನಗೆ ತಿದ್ದಿಸಿದ ಕೈ ಇದು. ಎರಡು ವರ್ಷ ನಾಲ್ಕು ತಿಂಗಳು ಮಾತು ಬಿಟ್ಟವಳಿಗೆ ಈಗ ಏನು ಬಂತು ಎಂದು ಹುಬ್ಬೇರಿಸಬೇಡ. ಅಮ್ಮನ ವೈಕುಂಠ ಸಮಾರಾಧನೆಯ ದಿನದ ಸಂಗತಿಯನ್ನು ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ. ಒಂದು ಕೆಲಸವಿದೆ, ಅದಕ್ಕೆ ಬರೆದೆ.

ಕಳೆದ ಶನಿವಾರ ಸೌಜನ್ಯ ನನ್ನನ್ನು ಡೌನ್‌ಟೌನಿನಲ್ಲಿ ಒಂದು ಆರ್ಕೆಸ್ಟ್ರಾ ಕಛೇರಿಗೆ ಕರೆದುಕೊಂಡು ಹೋದಳು. ಸೌಜನ್ಯ ನನ್ನ ಶಿಷ್ಯೆಯೊಬ್ಬಳ ತಾಯಿ, ಎರಡು ಬೀದಿ ಆಚೆ ಮನೆ. ಗಂಡನಿಗೆ ಆಫೀಸಿನಲ್ಲಿ ಯಾವುದೋ ಸಾಫ್ಟ್‌ವೇರ್ ರಿಲೀಸ್ ಇತ್ತಂತೆ, ಒಂದು ಟಿಕೆಟ್ ಉಳಿಯಿತು. ‘ಮ್ಯೂಸಿಕ್ಕೇ ತಾನೇ ಆಂಟಿ, ನಿಮಗಲ್ದೆ ಇನ್ಯಾರಿಗೆ ಕೊಡ್ಲಿ?’ ಅಂದಳು. ಮೊದಲರ್ಧ ಹಳೆಯ ಕಾಲದ್ದು, ಇಂಪಾಗಿತ್ತು. ಎರಡನೆಯ ಅರ್ಧದಲ್ಲಿ ಒಂದೇ ಕೃತಿ, ಮೂವತ್ತೆಂಟು ನಿಮಿಷ. ಫಿನ್ಲೆಂಡಿನ ಹೆಂಗಸೊಬ್ಬಳು ಹೋದ ವರ್ಷ ಬರೆದದ್ದಂತೆ. ಹೆಸರಿನ ಅರ್ಥ ‘ಒಣಗಿದ ಸರೋವರ’.

ಐವತ್ತು ವರ್ಷದಿಂದ ಸಂಗೀತವೇ ನನ್ನ ಅನ್ನ, ನೀರು. ಇಂಥದ್ದನ್ನು ಮಾತ್ರ ಕೇಳಿರಲಿಲ್ಲ. ಮೂವತ್ತು ಜನ ಪಿಟೀಲಿನವರು ಕಮಾನು ಹಿಡಿದು ಉಜ್ಜುತ್ತಾರೆ, ಸ್ವರವೇ ಹುಟ್ಟುವುದಿಲ್ಲ, ಅಕ್ಕಿ ತೊಳೆಯುವ ಸದ್ದು ಬರುತ್ತದೆ. ಒಬ್ಬ ಕಂಚಿನ ತಟ್ಟೆಯ ಅಂಚಿಗೆ ಕಮಾನು ಎಳೆಯುತ್ತಾನೆ. ತೊಡೆಯ ಮೇಲೆ ಆದಿತಾಳ ಹಾಕಿ ನೋಡಿದೆ, ಹೊಂದಲಿಲ್ಲ. ಖಂಡಚಾಪು ಹಾಕಿದೆ, ಅದೂ ಇಲ್ಲ. ಆಮೇಲೆ ಕೈ ಕಟ್ಟಿ ಕೂತೆ. ನಡುವೆ ಎಲ್ಲರೂ ನಿಲ್ಲಿಸುತ್ತಾರೆ. ಎರಡೇ ಎರಡು ಕೊಳಲು ನಾಲ್ಕು ನಿಮಿಷ ನುಡಿಯುತ್ತವೆ. ಕಡೆಯಲ್ಲಿ ಒಂದು ಸ್ವರ ಸಣ್ಣಗಾಗುತ್ತ ಹೋಗಿ ಇದೆಯೋ ಇಲ್ಲವೋ ತಿಳಿಯದಂತಾಗುತ್ತದೆ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅದೇ ಆರ್ಕೆಸ್ಟ್ರಾ ಮಾರ್ಚ್ 4ರಂದು ನಿಮ್ಮ ಸ್ಯಾನ್ ಡಿಯೇಗೋಗೆ ಬಂದು ಅದನ್ನೇ ನುಡಿಸುತ್ತದೆ. ನೀನು ಹೋಗಬೇಕು. ಏನು ಕೇಳಿಸಿತೋ ಅದನ್ನು ನನಗೆ ಬರೆಯಬೇಕು. ರೆಕಾರ್ಡಿಂಗ್ ಇನ್ನೂ ಬಂದಿಲ್ಲ, ಹುಡುಕಿ ನೋಡಿದೆ. ವೈಶಾಲಿಯನ್ನೂ ಕರೆದುಕೊಂಡು ಹೋಗು. ನಿನ್ನ ಹೆಂಡತಿ ಧಾರವಾಡದ ಹುಡುಗಿ, ಗುರುಗಳ ಮುಂದೆ ಏಳು ವರ್ಷ ಕೂತು ಕಲಿತವಳು, ಅವಳ ಕಿವಿ ಒಳ್ಳೆಯದು. ನಿನ್ನದು ನನಗೆ ಗೊತ್ತೇ ಇದೆ, ಕೋಣನ ಮುಂದೆ ಕಿನ್ನರಿ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಹೂಂ, ಹೂಂ ಎಂದು ಮುಗಿಸುತ್ತೀ. ಬರೆಯಲು ಕೂತರೆ ಸ್ವಲ್ಪವಾದರೂ ಯೋಚಿಸುತ್ತೀ.

ರಾಜಲಕ್ಷ್ಮಿ

*

ಸ್ಕ್ರಿಪ್ಸ್ ರ್ಯಾಂಚ್
ಫೆಬ್ರವರಿ 12, 2023

ಅಕ್ಕಾ,

ನಿನ್ನ ಕಾಗದವನ್ನು ಮೇಲ್‌ಬಾಕ್ಸಿನ ಹತ್ತಿರವೇ ನಿಂತು ಎರಡು ಸಲ ಓದಿದೆ. ಪಕ್ಕದ ಮನೆಯಾತ ಏನಾದರೂ ಕೆಟ್ಟ ಸುದ್ದಿಯೇ ಎಂದು ವಿಚಾರಿಸಿದ. ಇಲ್ಲ, ನಮ್ಮ ಅಕ್ಕ ಬೈದಿದ್ದಾಳೆ ಎಂದೆ. ನಾನು ನಗುತ್ತಿದ್ದದ್ದು ನೋಡಿ ಅವನಿಗೆ ಅರ್ಥವಾಗಲಿಲ್ಲ.

ಎತ್ತಬೇಡ ಎಂದದ್ದನ್ನು ಒಂದೇ ಸಲ ಎತ್ತುತ್ತೇನೆ, ಆಮೇಲೆ ಬಿಡುತ್ತೇನೆ. ಆ ದಿನ ಝೂಮ್‌ನಲ್ಲಿ ನಲವತ್ತು ಮನೆ. ಮೈಸೂರಿನ ಕಡೆಯಿಂದ ಕುಕ್ಕರ್ ಕೂಗು, ಯಾರ ಮನೆಯದೋ ನಾಯಿ. ಹೋಸ್ಟ್ ನಾನು. ಗಲಾಟೆ ತಡೆಯಲಾರದೆ ಎಲ್ಲರನ್ನೂ ಒಟ್ಟಿಗೆ ಮ್ಯೂಟ್ ಮಾಡಿದೆ. ನಿನ್ನನ್ನು ಬಿಡಬೇಕಿತ್ತು, ಮರೆತೆ. ಗೊತ್ತಾಗುವ ಹೊತ್ತಿಗೆ ನೀನು ಕಣ್ಣು ಮುಚ್ಚಿ ಹಾಡತೊಡಗಿ ನಾಲ್ಕು ನಿಮಿಷವಾಗಿತ್ತು. ಅಮ್ಮನ ಫೋಟೋದ ಮುಂದೆ ಹಾಡುತ್ತಿರುವವಳನ್ನು ನಿಲ್ಲಿಸಿ ‘ಅಕ್ಕಾ, ಯಾರಿಗೂ ಕೇಳಿಸುತ್ತಿಲ್ಲ’ ಎನ್ನಲು ಬಾಯಿ ಬರಲಿಲ್ಲ. ನೀನು ಮುಗಿಸಿದಾಗ ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ. ಮಾರನೆಯ ದಿನ ಯಾರೋ ನಿನಗೆ ಹೇಳಿದರು. ಬೇಕೆಂದು ಮಾಡಿದ್ದಲ್ಲ. ಆದರೆ ಆಮೇಲೆ ಕೈ ಮುಗಿದೆನಲ್ಲ, ಅದು ಬೇಕೆಂದೇ ಮಾಡಿದ್ದು, ಅದಕ್ಕೆ ಕ್ಷಮಿಸು.

ಟಿಕೆಟ್ ತೆಗೆದುಕೊಂಡಿದ್ದೇನೆ. ನಾವಿಬ್ಬರೂ ಹೋಗುತ್ತೇವೆ. ವೈಶಾಲಿ ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದಳು. ಬಂದು ವಿವರವಾಗಿ ಬರೆಯುತ್ತೇನೆ. ಪರೀಕ್ಷೆ ಇದ್ದ ಹಾಗಿದೆ, ಪಾಸು ಮಾಡಿಸು.

ನಿನ್ನ ತಮ್ಮ
ಗಿರಿ

*

ಸೆರಿಟೋಸ್
ಫೆಬ್ರವರಿ 16, 2023

ಗಿರಿ,

ಪರೀಕ್ಷೆ ನಿನಗಲ್ಲ, ನನಗೆ.

ಅಕ್ಟೋಬರಿನಲ್ಲಿ ನನಗೆ ಕೋವಿಡ್ ಬಂದಿತ್ತು. ಯಾರಿಗೂ ಹೇಳಲಿಲ್ಲ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಬಲಗಿವಿಯಲ್ಲಿ ಒಂದು ಗುಂಯ್ ಎನ್ನುವ ಸದ್ದು ಉಳಿಯಿತು. ಅದಿರಲಿ ಎಂದುಕೊಂಡೆ. ದೀಪಾವಳಿ ಕಳೆದು ಪಾಠ ಶುರು ಮಾಡಿದಾಗ ಮಕ್ಕಳು ಸರಳೆ ಹೇಳಿದರೆ ಒಬ್ಬೊಬ್ಬರ ಷಡ್ಜವೂ ಎರಡೆರಡಾಗಿ ಕೇಳುತ್ತಿದೆ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು, ಒಂದು ಕೂದಲು ಕೆಳಗೆ. ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಕಿವಿ ಡಾಕ್ಟರರ ಹತ್ತಿರ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ ಕುಂಯ್ ಕುಂಯ್ ಎನ್ನಿಸಿ, ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ಅರವತ್ತೆಂಟರ ವಯಸ್ಸಿಗೆ ಬಹಳ ಚೆನ್ನಾಗಿದೆ ಎಂದು ಕಳಿಸಿದರು. ಅವರ ಯಂತ್ರಕ್ಕೆ ಸದ್ದು ಗೊತ್ತು, ಶ್ರುತಿ ಗೊತ್ತಿಲ್ಲ.

ಅವತ್ತು ಆ ಸಭಾಂಗಣದಲ್ಲಿ ಮೊದಲರ್ಧವೆಲ್ಲ ಸರಿಯಾಗಿ ಕೇಳಿಸಿತು. ಇಷ್ಟು ದೊಡ್ಡ ಮೇಳ ಒಂದು ಚೂರೂ ಒಡೆಯದೆ ಕಿವಿಗೆ ಬಿತ್ತಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಎರಡು ಕೊಳಲು. ಅವು ಸೇರಲಿಲ್ಲ, ಗಿರಿ. ನಾಲ್ಕು ನಿಮಿಷವೂ ಪಕ್ಕಪಕ್ಕದಲ್ಲಿದ್ದು ಸೇರಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ವಾದಕರು, ತಪ್ಪು ನುಡಿಸುತ್ತಾರೆಯೇ? ಅಕ್ಕಪಕ್ಕದವರು ಆರಾಮವಾಗಿ ಕೂತಿದ್ದರು. ಸೌಜನ್ಯಳನ್ನು ಕೇಳುವ ಹಾಗಿಲ್ಲ. ಅವಳು ಒಳ್ಳೆಯವಳೇ, ಆದರೆ ಟೀಚರ್ ಕಿವಿ ಕೆಟ್ಟಿದೆಯಂತೆ ಎನ್ನುವುದು ಮಕ್ಕಳ ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೆ ಸಂಜೆಯೊಳಗೆ ತಲುಪುತ್ತದೆ. ಶ್ರುತಿ ಕೇಳಿಸದವಳು ಹನ್ನೊಂದು ಮಕ್ಕಳಿಗೆ ಪಾಠ ಹೇಳಿದರೆ ಅದು ಪಾಪ. ಕೇಳಿಸುತ್ತಿದ್ದೂ ಹೆದರಿ ಬಿಟ್ಟರೆ ಮೂರ್ಖತನ. ಯಾವುದೆಂದು ತಿಳಿಯಬೇಕು. ಪಾಠವಿಲ್ಲದ ದಿನ ಈ ಮನೆಯಲ್ಲಿ ನನ್ನ ಗಂಟಲೇ ನನಗೆ ಕೇಳಿಸುವುದಿಲ್ಲ. ಇವರು ಹೋಗಿ ಏಳು ವರ್ಷವಾಯಿತು. ಮಕ್ಕಳು ಬಂದರೆ ಮನೆ, ಇಲ್ಲದಿದ್ದರೆ ನಾಲ್ಕು ಗೋಡೆ.

ಬರೆದದ್ದನ್ನು ಓದಿ ನೋಡಿದೆ. ಇದನ್ನು ಕಳಿಸಿದರೆ ನೀನು ನನ್ನ ಸಮಾಧಾನಕ್ಕೆ ಏನಾದರೂ ಬರೆಯುತ್ತೀ. ಕಾರಣ ಗೊತ್ತಿಲ್ಲದಿದ್ದರೆ ಮಾತ್ರ ನಿಜ ಬರೆಯುತ್ತೀ. ಇದು ಡ್ರಾಯರಿನಲ್ಲೇ ಇರಲಿ, ಬೇರೆ ಕಾಗದ ಬರೆಯುತ್ತೇನೆ.

*

ಸೆರಿಟೋಸ್
ಫೆಬ್ರವರಿ 17, 2023

ಗಿರಿ,

ಟಿಕೆಟ್ ತೆಗೆದುಕೊಂಡದ್ದು ಒಳ್ಳೆಯದಾಯಿತು. ಝೂಮಿನ ವಿಷಯ ಓದಿದೆ. ಅದು ಅಲ್ಲಿಗೆ ಮುಗಿಯಿತು.

ಇಡೀ ಕೃತಿಯ ಪುರಾಣ ಬೇಡ. ಎರಡು ಕೊಳಲಿನ ಭಾಗ ಬಂದಾಗ ಮೈಯೆಲ್ಲ ಕಿವಿಯಾಗಿ ಕೇಳು. ಅವೆರಡೂ ಶ್ರುತಿ ಸೇರುತ್ತವೆಯೇ, ಇಲ್ಲವೇ? ವೈಶಾಲಿಯನ್ನು ಕೇಳಿಯೇ ಬರೆ. ನನಗೊಂದು ಕುತೂಹಲ, ಅಷ್ಟೇ.

ರಾಜಲಕ್ಷ್ಮಿ

*

ಸ್ಕ್ರಿಪ್ಸ್ ರ್ಯಾಂಚ್
ಮಾರ್ಚ್ 6, 2023

ಅಕ್ಕಾ,

ಹೋಗಿ ಬಂದೆವು! ಇಂಥದ್ದೊಂದು ಸಂಜೆಯನ್ನು ನೀನು ಕೊಟ್ಟೆಯಲ್ಲ, ಅದಕ್ಕೆ ಮೊದಲು ನಮಸ್ಕಾರ. ಮಳೆ ಸುರಿಯುತ್ತಿತ್ತು, ಫ್ರೀವೇಯಲ್ಲಿ ಆಮೆಯ ನಡಿಗೆ. ಆದರೂ ಸಮಯಕ್ಕೆ ಸೇರಿದೆವು. ಸಭಾಂಗಣ ಮುಕ್ಕಾಲು ತುಂಬಿತ್ತು.

ನಿನ್ನ ಅಕ್ಕಿ ತೊಳೆಯುವ ಸದ್ದು ಬಂದ ಕೂಡಲೇ ನಗು ಬಂತು. ಆದರೆ ಒಳಹೊಕ್ಕು ನೋಡಿದರೆ ಬಹಳ ಗಂಭೀರವಾದ ಕೃತಿ. ಆಧಾರದಲ್ಲಿ ಶುಭಪಂತುವರಾಳಿಯ ಛಾಯೆ ಇದೆ ಎಂದು ನನಗನ್ನಿಸಿತು. ನೀರಿಲ್ಲದ ಕೆರೆಯ ಶೋಕವನ್ನು ಹೇಳಲು ಅದಕ್ಕಿಂತ ಒಳ್ಳೆಯ ರಾಗವಿಲ್ಲ. ಡ್ರಮ್ಮಿನವರು ತಿಶ್ರಗತಿಯಲ್ಲಿ ಒಂದು ಲೆಕ್ಕಾಚಾರ ಇಟ್ಟಿದ್ದರು, ಸಮಕ್ಕೆ ಬಂದು ಕೂತಾಗ ಮೈ ಜುಮ್ಮೆಂದಿತು.

ಇನ್ನು ನಿನ್ನ ಪ್ರಶ್ನೆ. ಕೊಳಲುಗಳು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಸೇರಿದವು. ಎರಡು ಕೊಳಲೋ ಒಂದೇ ಕೊಳಲೋ ಎನ್ನುವ ಹಾಗೆ. ನನ್ನ ಕಿವಿಯನ್ನು ನೀನು ನಂಬುವುದಿಲ್ಲ, ನಂಬಲೂ ಬೇಡ. ಆದರೆ ವೈಶಾಲಿ ನನ್ನ ಮೊಣಕೈ ತಿವಿದು, ‘ಏನ್ ಸುರ ಹಚ್ಚ್ಯಾರ್ರೀ! ಎರಡೂ ಒಂದ ಆಗ್ಯಾವ ನೋಡ್ರಿ’ ಅಂದಳು. ಅಲ್ಲಿಗೆ ತೀರ್ಪು ಬಂದ ಹಾಗೆ.

ಪಾಸೋ ಫೇಲೋ ಬರೆ. ಈ ಬೇಸಿಗೆಯಲ್ಲಿ ನೀನೊಮ್ಮೆ ಇಲ್ಲಿಗೆ ಬರಬೇಕು. ಟ್ರೈನ್ ಹತ್ತಿದರೆ ಸಮುದ್ರ ನೋಡುತ್ತ ನೋಡುತ್ತ ಬಂದುಬಿಡಬಹುದು.

ಗಿರಿ

*

ಸೆರಿಟೋಸ್
ಮಾರ್ಚ್ 20, 2023

ಚಿ. ಗಿರಿಧರನಿಗೆ ಆಶೀರ್ವಾದಗಳು.

ನಿನ್ನ ಕಾಗದ ಸ್ಪಷ್ಟವಾಗಿದೆ. ಶ್ರಮ ತೆಗೆದುಕೊಂಡು ಹೋಗಿ ಕೇಳಿ ಬರೆದದ್ದಕ್ಕೆ ಉಪಕಾರವಾಯಿತು. ವೈಶಾಲಿಗೂ ಹೇಳು.

ಒಂದು ಸಮಾಚಾರ. ಪಾಠ ನಿಲ್ಲಿಸಬೇಕೆಂದು ತೀರ್ಮಾನ ಮಾಡಿದ್ದೇನೆ. ವಯಸ್ಸಾಯಿತು. ವೆಸ್ಟ್ ಕೊವಿನಾದಲ್ಲಿ ಜಯಮ್ಮ ಎನ್ನುವವರಿದ್ದಾರೆ, ಒಳ್ಳೆಯ ಪಾಠಾಂತರ. ಅಕ್ಷಯ ತದಿಗೆಯ ದಿನ ಮಕ್ಕಳನ್ನು ಅವರಿಗೆ ಒಪ್ಪಿಸುತ್ತೇನೆ. ನಮ್ಮ ಗುರುಗಳು ಊರು ಬಿಟ್ಟಾಗ ನಮ್ಮನ್ನು ಒಪ್ಪಿಸಿದ್ದರಲ್ಲ, ಹಾಗೆಯೇ, ಫಲ ತಾಂಬೂಲ ಕೊಟ್ಟು.

ಇಲ್ಲಿಯೂ ಮಳೆ. ಆರೋಗ್ಯ ನೋಡಿಕೋ.

ರಾಜಲಕ್ಷ್ಮಿ

*

ಸ್ಕ್ರಿಪ್ಸ್ ರ್ಯಾಂಚ್
ಮಾರ್ಚ್ 26, 2023

ಅಕ್ಕಾ,

ಕಂಗ್ರಾಜುಲೇಷನ್ಸ್! ಕಡೆಗೂ ರಿಟೈರ್ ಆದೆಯಲ್ಲ. ಮೂವತ್ತು ವರ್ಷ ಪರರ ಮಕ್ಕಳ ಅಪಸ್ವರ ಕೇಳಿದ್ದು ಸಾಕು. ಈಗ ಆರಾಮವಾಗಿ ನಿನಗೆ ಬೇಕಾದದ್ದು ಕೇಳು, ಓಡಾಡು. ನನಗೂ ಆಫೀಸಿನಲ್ಲಿ ಇನ್ನು ಮೂರು ನಾಲ್ಕು ವರ್ಷ, ಆಮೇಲೆ ನಿನ್ನ ದಾರಿಯೇ.

ಹಾಗಾದರೆ ಇನ್ನು ಬರಲು ಅಡ್ಡಿಯಿಲ್ಲ. ಮೇ ತಿಂಗಳಲ್ಲಿ ಯಾವ ವಾರ ಬರುತ್ತೀ ಬರೆ, ಸ್ಟೇಷನ್ನಿಗೆ ಬರುತ್ತೇನೆ. ಪಾಸಾದೆನೋ ಇಲ್ಲವೋ ನೀನು ಬರೆಯಲೇ ಇಲ್ಲ.

ಗಿರಿ

*

ಸ್ಕ್ರಿಪ್ಸ್ ರ್ಯಾಂಚ್
ಜೂನ್ 18, 2023

ಅಕ್ಕಾ,

ಮಾರ್ಚ್‌ನಲ್ಲೊಂದು, ಏಪ್ರಿಲ್‌ನಲ್ಲೊಂದು, ಮೇನಲ್ಲೊಂದು ಕಾಗದ ಹಾಕಿದೆ. ಉತ್ತರವಿಲ್ಲ. ಬೇಡವೆಂದರೂ ಎರಡು ಸಲ ಫೋನ್ ಮಾಡಿದೆ, ರಿಂಗ್ ಆಗಿ ನಿಂತಿತು. ಮೆಸೇಜ್ ಕಳಿಸಿದರೆ ‘ಕ್ಷೇಮ’ ಎಂಬ ಎರಡಕ್ಷರ.

ಝೂಮಿನ ಸಿಟ್ಟು ಮತ್ತೆ ಬಂತೇ? ಮುಗಿಯಿತು ಎಂದು ನೀನೇ ಬರೆದಿದ್ದೆ. ಅಥವಾ ನಾನು ಬರೆದ ರಾಗ ತಾಳದ ಮಾತು ತಪ್ಪಾಗಿ, ಇವನಿಗೇನು ಹೇಳಿ ಪ್ರಯೋಜನ ಎನ್ನಿಸಿತೇ? ನಿನ್ನ ಆ ಮೊದಲ ಕಾಗದ ಬಂದ ಮೇಲೆ ದಿನಾ ಆಫೀಸಿನಿಂದ ಬರುವಾಗ ಡಬ್ಬಿ ತೆಗೆದು ನೋಡುವ ಅಭ್ಯಾಸವಾಗಿದೆ. ಡೆಂಟಿಸ್ಟು, ಮನೆ ಮಾರುತ್ತೀರಾ ಎನ್ನುವವರು, ಇವರದ್ದೇ ಬರುತ್ತದೆ. ಬೈಯುವುದಕ್ಕಾದರೂ ಬರೆ.

ಗಿರಿ

*

ಸ್ಕ್ರಿಪ್ಸ್ ರ್ಯಾಂಚ್
ಆಗಸ್ಟ್ 20, 2023

ಅಕ್ಕಾ,

ಇದನ್ನು ಪೂರ್ತಿ ಓದು. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ.

ನಿನ್ನೆ ಸೌಜನ್ಯ ಫೋನ್ ಮಾಡಿದರು. ನಿನ್ನ ಫ್ರಿಜ್ಜಿನ ಮೇಲೆ ಎಮರ್ಜೆನ್ಸಿ ನಂಬರ್ ಎಂದು ನನ್ನದನ್ನು ಅಂಟಿಸಿದ್ದೀಯಂತೆ, ಅಲ್ಲಿಂದ ತೆಗೆದುಕೊಂಡರಂತೆ. ‘ಅಂಕಲ್, ಆಂಟಿ ಮೂರು ತಿಂಗಳಿಂದ ಎಲ್ಲೂ ಹೊರಗೆ ಬರ್ತಿಲ್ಲ. ಊಟ ಕೊಟ್ರೆ ಬಾಗಿಲಲ್ಲೇ ಇಸ್ಕೋತಾರೆ’ ಎಂದರು. ಆಮೇಲೆ, ‘ಹೇಳ್ಬೇಡ ಅಂದಿದಾರೆ, ಆದ್ರೂ ಹೇಳ್ತೀನಿ. ಅವರ ಕಿವಿ ಹೋಗಿದ್ಯಂತೆ. ಆ ಕನ್ಸರ್ಟ್‌ನಲ್ಲಿ ಫ್ಲೂಟ್ ಎರಡೂ ಅವರಿಗೆ ಬೇರೆಬೇರೆ ಕೇಳಿಸ್ತಂತೆ. ನನ್ನ ತಮ್ಮ, ಅವನ ಹೆಂಡ್ತಿ, ಇಬ್ರೂ ಕೇಳಿ ಸರಿಯಾಗಿತ್ತು ಅಂತ ಬರ್ದಿದಾರೆ, ಇನ್ನು ಅನುಮಾನವೇ ಇಲ್ಲ ಅಂದ್ರು. ನಾನೂ ಪಕ್ಕದಲ್ಲೇ ಇದ್ದೆ, ನನಗೆ ಇದೆಲ್ಲ ಗೊತ್ತಾಗಲ್ಲ ಅಂಕಲ್’ ಎಂದರು.



ಅಕ್ಕಾ, ಆ ಕೊಳಲು ಸೇರಲಿಲ್ಲ. ನಾನು ಸುಳ್ಳು ಬರೆದೆ.

ನಡೆದದ್ದು ಹೀಗೆ. ಮೊದಲ ಉಸಿರಿನಲ್ಲೇ ಎರಡೂ ಬೇರೆಬೇರೆ ಕೇಳಿಸಿದವು. ನನ್ನ ಕೆಲಸದಲ್ಲಿ ಎರಡು ಮೊಬೈಲ್ ಟವರುಗಳ ಗಡಿಯಾರ ಒಂದಕ್ಕೊಂದು ಹೊಂದದೆ ಹೋದರೆ ಮಾತು ಮುರಿಯುತ್ತದೆ. ಮೂವತ್ತು ವರ್ಷದಿಂದ ಆ ದೋಷ ತೆಗೆಯುವುದೇ ನನ್ನ ಉದ್ಯೋಗ. ನನಗೆ ಅದೇ ಕೇಳಿಸಿತು, ಹತ್ತಿರ ಬರುತ್ತಾರೆ, ಇನ್ನೇನು ಸೇರಿದರು ಎನ್ನುವಾಗ ಜಾರುತ್ತಾರೆ. ಅಲ್ಲಿ ನನಗೆ ಅಳು ಬಂತು. ಆದರೆ ಇದನ್ನು ನಿನಗೆ ಹೇಗೆ ಬರೆಯಲಿ? ನನಗೆ ಒಂಬತ್ತು ವರ್ಷವಾಗಿದ್ದಾಗ ನೀನು ಅಪ್ಪನ ಎದುರಿಗೆ, ‘ಇವನಿಗೆ ಶ್ರುತಿ ಜ್ಞಾನವೇ ಇಲ್ಲ, ಕ್ರಿಕೆಟ್ ಆಡಲಿ ಬಿಡಿ’ ಎಂದೆ. ಅಂದಿನಿಂದ ಇಂದಿನವರೆಗೆ ಯಾವ ಸಂಗೀತ ಕೇಳಿದರೂ, ಅಪಸ್ವರ ಅನ್ನಿಸಿದರೆ ಅದು ನನ್ನದೇ ಎಂದುಕೊಳ್ಳುತ್ತೇನೆ. ದೊಡ್ಡ ದೊಡ್ಡ ವಾದಕರು ನುಡಿಸುವಾಗ ನಾನು ಸೇರಲಿಲ್ಲ ಎಂದು ಬರೆದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀನು ನಗುತ್ತೀ ಅಂದುಕೊಂಡೆ. ಎರಡು ವರ್ಷದ ಮೇಲೆ ನೀನು ಕೇಳಿದ ಮೊದಲ ಪ್ರಶ್ನೆಗೆ ಸರಿಯುತ್ತರ ಕೊಡಬೇಕೆಂಬ ಆಸೆ. ಶುಭಪಂತುವರಾಳಿಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ತಿಶ್ರಗತಿಯನ್ನೂ ಅಷ್ಟೇ.

ವೈಶಾಲಿ ಬರಲಿಲ್ಲ. ಅವಳು ಇಲ್ಲಿಲ್ಲ. 2021ರ ಮೇ ತಿಂಗಳಲ್ಲಿ ಆಸ್ಟಿನ್ನಿಗೆ ಹೋದಳು, ಅಲ್ಲೇ ಇದ್ದಾಳೆ. ವಿಚ್ಛೇದನದ ಪೇಪರ್‌ಗಳಿಗೆ ಸಹಿಯಾಗಿ ಒಂದು ವರ್ಷವಾಯಿತು. ನಾವು ಮಾತು ಬಿಟ್ಟ ಕಾಲದಲ್ಲಿ ಆದದ್ದು. ಆಮೇಲೆ ನಿನ್ನ ಕಾಗದದಲ್ಲಿ ಅವಳ ಹೆಸರು ನೋಡಿದಾಗ ಹೇಳಲು ನಾಚಿಕೆಯಾಯಿತು. ಒಂದೇ ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಅವಳು ಇದ್ದಿದ್ದರೆ ಏನೆನ್ನುತ್ತಿದ್ದಳು ಎಂದು ನಾನೇ ಕಲ್ಪಿಸಿ ಬರೆದೆ. ನಿನ್ನ ಪಾಠ ನಿಂತದ್ದು ಇಲ್ಲದ ಹೆಂಗಸಿನ ಮಾತಿನಿಂದ.

ಇವತ್ತು ಬೆಳಿಗ್ಗೆ ಆ ಕಾರ್ಯಕ್ರಮದ ಪುಟವನ್ನು ತೆಗೆದು ನೋಡಿದೆ. ಈಗೆಲ್ಲ ಪುಸ್ತಕ ಕೊಡುವುದಿಲ್ಲವಲ್ಲ, ಬಾಗಿಲಲ್ಲಿ ಕೋಡ್ ಸ್ಕ್ಯಾನ್ ಮಾಡಿದ್ದೆ, ಓದಿರಲಿಲ್ಲ. ಅಲ್ಲಿ ಆಕೆ ಬರೆದಿರುವುದನ್ನು ನನಗೆ ಬಂದಂತೆ ಕನ್ನಡಕ್ಕೆ ಇಳಿಸಿದ್ದೇನೆ: ‘ಎರಡನೆಯ ಕೊಳಲನ್ನು ಬೇಕೆಂದೇ ಕಾಲು ಸ್ವರದಷ್ಟು ಇಳಿಸಿಡಬೇಕು. ವಾದಕರಿಬ್ಬರೂ ಒಬ್ಬರನ್ನೊಬ್ಬರು ಹುಡುಕಬೇಕು. ಸೇರಬಾರದು. ಕೇಳುವವರು ತಮ್ಮ ಕಿವಿಯನ್ನು ಅನುಮಾನಿಸುವಂತಾದರೆ ಸರಿಯಾಗಿ ನುಡಿಸಿದಂತೆ.’ ಆ ಪುಟವನ್ನು ಪ್ರಿಂಟ್ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಮಾತು ನಂಬಬೇಡ, ಅದನ್ನು ಓದು.

ಈಗಲೇ ಕಾರು ಹತ್ತಿ ಬಂದುಬಿಡಬೇಕು ಅನ್ನಿಸಿತು. ಕೀ ಕೈಗೆ ತೆಗೆದುಕೊಂಡೆ. ನೀನು ಬಾಗಿಲು ತೆಗೆಯದಿದ್ದರೆ ಎಂಬ ಹೆದರಿಕೆಗೆ ಮತ್ತೆ ಇಟ್ಟೆ.

ಗಿರಿ

*

ಸೆರಿಟೋಸ್
ಸೆಪ್ಟೆಂಬರ್ 5, 2023

ಗಿರಿ,

ನಿನ್ನ ಕಾಗದ ಬಂದು ಹದಿಮೂರು ದಿನವಾಯಿತು. ಮೊದಲ ದಿನ ಓದಿದಾಗ ನೀನು ಎದುರಿಗಿದ್ದಿದ್ದರೆ ಕೆನ್ನೆಗೆ ಹೊಡೆದುಬಿಡುತ್ತಿದ್ದೆ. ಐವತ್ತೊಂಬತ್ತು ವರ್ಷದ ಗಂಡಸು ಎಂದೂ ನೋಡುತ್ತಿರಲಿಲ್ಲ. ಎರಡನೆಯ ದಿನ ಆ ಪ್ರಿಂಟ್ ಓದಿದೆ. ಮೂರನೆಯ ದಿನದಿಂದ ಬರೆಯಲು ಕೂರುತ್ತಿದ್ದೇನೆ, ಹರಿದು ಹಾಕುತ್ತಿದ್ದೇನೆ.

ಮಕ್ಕಳು ವಾಪಸು ಬರುವುದಿಲ್ಲ. ಇದನ್ನು ನೀನು ತಿಳಿದಿರಬೇಕು, ಅದಕ್ಕೆ ಮೊದಲು ಬರೆಯುತ್ತಿದ್ದೇನೆ. ತಾಂಬೂಲ ಕೊಟ್ಟು ಒಪ್ಪಿಸಿದ ಮೇಲೆ ‘ಇಲ್ಲ, ನನ್ನ ಕಿವಿ ಸರಿಯಿತ್ತಂತೆ, ತಿರುಗಿ ಕೊಡಿ’ ಎಂದು ಜಯಮ್ಮನವರ ಬಾಗಿಲಿಗೆ ಹೋಗುವ ಹಾಗಿಲ್ಲ. ಅವರು ಕೊಟ್ಟಾರು, ನಾನು ಕೇಳುವುದಿಲ್ಲ. ಸೌಜನ್ಯಳ ಮಗಳು ಮೊನ್ನೆ ಬಂದು ಹೊಸ ವರ್ಣ ಹಾಡಿ ತೋರಿಸಿದಳು. ನಾನು ಹೇಳಿಕೊಟ್ಟ ಒಂದು ಗಮಕವನ್ನು ಬೇರೆ ಥರ ಹಾಡಿದಳು. ‘ನ್ಯೂ ಟೀಚರ್ ಸೇಸ್ ಲೈಕ್ ದಿಸ್’ ಎಂದಳು. ಹಾಗೇ ಹಾಡು ಪುಟ್ಟಿ ಎಂದೆ. ಅವಳು ಹೋದ ಮೇಲೆ ಅತ್ತೆ.

ನೀನೊಬ್ಬನೇ ಮಾಡಿದ್ದಲ್ಲ ಇದು. ಕಾರಣ ಹೇಳದೆ ಕೇಳಿದ್ದು ನಾನು. ಕಾರಣ ಬರೆದ ಕಾಗದ ಫೆಬ್ರವರಿಯಿಂದ ಡ್ರಾಯರಿನಲ್ಲಿದೆ, ಇದರ ಜೊತೆ ಕಳಿಸುತ್ತಿದ್ದೇನೆ. ಪಕ್ಕದಲ್ಲಿ ಕೂತಿದ್ದ ಸೌಜನ್ಯಳ ಫೋನಿನಲ್ಲಿ ಆ ಪುಟ ಇತ್ತು, ಒಂದು ಮಾತು ಕೇಳಿದ್ದರೆ ತೋರಿಸುತ್ತಿದ್ದಳು. ನನ್ನ ಬಿಗುಮಾನ ಬಿಡಲಿಲ್ಲ. ಒಬ್ಬಳು ಸೆರಿಟೋಸಿನಲ್ಲಿ, ಒಬ್ಬ ಸ್ಯಾನ್ ಡಿಯೇಗೋದಲ್ಲಿ, ಇಬ್ಬರೂ ಸರಿಯಾಗಿಯೇ ಕೇಳಿಸಿಕೊಂಡೆವು, ಇಬ್ಬರೂ ನಮ್ಮ ನಮ್ಮ ಕಿವಿಯನ್ನೇ ಬೈದುಕೊಂಡೆವು.

ಆ ಹೆಂಗಸಿನ ಮೇಲೂ ಸಿಟ್ಟು ಬಂದಿತ್ತು. ಕೇಳುವವರು ಕಿವಿಯನ್ನು ಅನುಮಾನಿಸಬೇಕಂತೆ! ಅನುಮಾನಿಸಿ ಮೂರು ತಿಂಗಳು ಬಾಗಿಲು ಹಾಕಿಕೊಂಡು ಕೂತವಳೊಬ್ಬಳಿದ್ದಾಳೆ ಎಂದು ಅವಳಿಗೆ ಗೊತ್ತೇ? ಆದರೆ ಹೆದರಿಕೆ ಬಿಟ್ಟು ಆ ನಾಲ್ಕು ನಿಮಿಷವನ್ನು ಮನಸ್ಸಿನಲ್ಲೇ ಮತ್ತೆ ಕೇಳಿದೆ. ಅವರಿಬ್ಬರೂ ಬಿಟ್ಟು ಹೋಗುವುದಿಲ್ಲ, ಗಮನಿಸಿದೆಯಾ? ಸೇರುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಬರುತ್ತಾರೆ. ನಾನು ಅದನ್ನು ಬರೀ ತಪ್ಪು ಎಂದು ಎಣಿಸುತ್ತ ಕೂತಿದ್ದೆ. ಅತ್ತವನು ನೀನು. ನನಗಿಂತ ಚೆನ್ನಾಗಿ ಕೇಳಿದ್ದೀ.

ಒಂಬತ್ತು ವರ್ಷದ ಮಗುವಿಗೆ ನಾನು ಹಾಗೆ ಹೇಳಬಾರದಿತ್ತು. ನನಗೂ ಆಗ ಹದಿನೆಂಟು, ಆ ವರ್ಷ ಗುರುಗಳು ಹೊಗಳಿದ್ದರು, ತಲೆ ತಿರುಗಿತ್ತು. ನಿನಗೆ ಶ್ರುತಿ ಜ್ಞಾನ ಇದೆ, ಗಿರಿ. ಇಲ್ಲದಿದ್ದರೆ ಕಾಲು ಸ್ವರದ ವ್ಯತ್ಯಾಸ ಕಿವಿಗೆ ಬೀಳುವುದಿಲ್ಲ. ಇದನ್ನು ನಾನು ಸಮಾಧಾನಕ್ಕೆ ಬರೆಯುತ್ತಿಲ್ಲ.

ವೈಶಾಲಿ ಹೋಗಿ ಎರಡು ವರ್ಷವಾಯಿತು, ನೀನೊಬ್ಬನೇ ಆ ಮನೆಯಲ್ಲಿ ಏನು ಬೇಯಿಸಿಕೊಂಡು ತಿನ್ನುತ್ತೀಯೋ. ಅದನ್ನು ಕಾಗದದಲ್ಲಿ ಕೇಳುವುದಿಲ್ಲ.

ಈಗ ನನ್ನ ಕಿವಿಯ ವಿಷಯ. ಕೊಳಲು ಸರಿಯಾಗಿ ಕೇಳಿಸಿತು ಎಂದ ಮಾತ್ರಕ್ಕೆ ಕಿವಿ ಸರಿಯಿದೆ ಎಂದಲ್ಲ. ಗುಂಯ್ ಎನ್ನುವುದು ಇನ್ನೂ ಇದೆ. ನಿನ್ನೆ ತಂಬೂರಿಯ ಗವಸು ತೆಗೆದೆ, ಏಪ್ರಿಲ್‌ನಿಂದ ಮುಟ್ಟಿರಲಿಲ್ಲ. ಒಂದು ಗಂಟೆ ಬಿರಡೆ ತಿರುಗಿಸಿದೆ. ಎಡಗಿವಿ ಸೇರಿತು ಎಂದಿತು, ಬಲಗಿವಿ ಇಲ್ಲ ಎಂದಿತು. ಯಾವುದು ನಿಜ ಎಂದು ಕೇಳಲು ತಲೆ ಎತ್ತಿ ನೋಡಿದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಈ ಭಾನುವಾರ ಬಾ. ಬಾಗಿಲು ತೆಗೆಯುತ್ತೇನೆ. ಊಟ ಇಲ್ಲೇ. ಊಟಕ್ಕೆ ಮೊದಲು ನಾನು ತಂಬೂರಿ ಮೀಟುತ್ತೇನೆ, ನೀನು ಎದುರಿಗೆ ಕೂತು ಕೇಳಬೇಕು. ಸೇರದಿದ್ದರೆ ನನ್ನ ಮುಖ ನೋಡಿಕೊಂಡೇ ಸೇರಿಲ್ಲ ಎನ್ನಬೇಕು. ನಾನು ಅತ್ತರೂ ಮಾತು ಬದಲಾಯಿಸಬಾರದು.

ಅಕ್ಕ